ಬೀದಿ, ಕಾಲುದಾರಿ, ಸೈಕಲ್ ದಾರಿ: ಲಭ್ಯವಿರುವ ಅನುದಾನಗಳು ಮತ್ತು ಅವುಗಳನ್ನು ಒಗ್ಗೂಡಿಸುವ ಕ್ರಮ

(2025-26ನೇ ಸಾಲಿನ ಕ್ರಿಯಾ ಯೋಜನೆ ತಯಾರಿಯ ಸಂಬಂಧ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಈ ನಾಲ್ಕೂ ಪಟ್ಟಣಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಹಿಂದೆ 234 ಎಂಬ ಸಂಖ್ಯೆಯಿದ್ದ ಈ ಹೆದ್ದಾರಿಗೆ ಈಗಿನ ಸಂಖ್ಯೆ 69. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೇ ಹೆದ್ದಾರಿಯನ್ನು ಇದು ಚಿಕ್ಕಬಳ್ಳಾಪುರದ ಬಳಿ ಕೂಡುತ್ತದೆ. ಈ ಹೆದ್ದಾರಿಗಳ ಮತ್ತು ಅವುಗಳಿಂದ ಕವಲೊಡೆಯುವ ರಸ್ತೆಗಳ ಆಸುಪಾಸಿನ ಗ್ರಾಮಗಳಲ್ಲಿ ಬಹುಪಾಲು ಜನರ ದಿನದ ಪ್ರಯಾಣ ಆರಂಭವಾಗುವುದು ಕಾಲ್ನಡಿಗೆಯಿಂದ. ಬೆಳಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವವರು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಸಾಗಿಸುವವರು, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಮಹಿಳೆಯರು, ಪ್ರೌಢಶಾಲೆಗೆ ಹೊರಟ ಮಕ್ಕಳು, ಇವರೆಲ್ಲರೂ ಮೊದಲು ಊರಿನ ಬೀದಿಯನ್ನು, ಅನಂತರ ಊರಿನಿಂದ ಗೇಟ್‌ವರೆಗಿನ ರಸ್ತೆಯನ್ನು, ಕೊನೆಗೆ ಹೆದ್ದಾರಿಯನ್ನು ದಾಟಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಮಹಿಳೆಯರಿಗೆ ಬಸ್ಸಿನೊಳಗಿನ ಪ್ರಯಾಣ ಉಚಿತವಾಗಿದೆ. ಆದರೆ ಮನೆಯಿಂದ ಬಸ್ ನಿಲ್ಲುವ ಸ್ಥಳದವರೆಗಿನ ದಾರಿಯನ್ನು ಸುಗಮಗೊಳಿಸುವ ಹೊಣೆ ಇಂದಿಗೂ ಸ್ಥಳೀಯ ಸಂಸ್ಥೆಯದೇ ಆಗಿದೆ.

ಈ ದಾರಿಯಲ್ಲಿ ಆಗುವ ಹಾನಿ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಇವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಸತ್ತ ಪ್ರತಿ ಐವರಲ್ಲಿ ಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು. ಒಟ್ಟು ಸಾವುಗಳ ಮೂರನೆಯ ಎರಡರಷ್ಟು ಸಂಭವಿಸಿದ್ದು ಗ್ರಾಮೀಣ ಪ್ರದೇಶಗಳಲ್ಲಿ.

ಹೀಗಿದ್ದರೂ ಗ್ರಾಮ ಪಂಚಾಯಿತಿಗಳಿಗೆ ಬರುವ ಅನುದಾನಗಳ ಪಟ್ಟಿಯಲ್ಲಿ "ಪಾದಚಾರಿ ಮಾರ್ಗ" ಅಥವಾ "ಸೈಕಲ್ ದಾರಿ" ಎಂಬ ಪ್ರತ್ಯೇಕ ಯೋಜನೆ ಕಾಣಸಿಗುವುದಿಲ್ಲ. ಈ ಕಾರಣದಿಂದ ಇಂತಹ ಬೇಡಿಕೆ ವಾರ್ಡ್ ಸಭೆಯಲ್ಲಿ ಬಂದಾಗ "ಇದಕ್ಕೆ ಅನುದಾನವಿಲ್ಲ" ಎಂದು ಕೈಬಿಡುವುದು ರೂಢಿಯಾಗಿದೆ. ವಾಸ್ತವದಲ್ಲಿ ಒಂದು ದಾರಿ ಎಂಬುದು ಹಲವು ಭಾಗಗಳ ಕೂಟ: ಬೀದಿಯ ಹಾಸು, ಚರಂಡಿ, ಚರಂಡಿಯ ಮುಚ್ಚಳ, ಮಣ್ಣಿನ ಅಂಚು, ಮೋರಿ, ದೀಪ, ನೆರಳಿನ ಮರ, ತಂಗುದಾಣ. ಇವುಗಳಲ್ಲಿ ಪ್ರತಿಯೊಂದಕ್ಕೂ ಈಗಾಗಲೇ ಯಾವುದಾದರೊಂದು ಲೆಕ್ಕ ಶೀರ್ಷಿಕೆಯಲ್ಲಿ ಅವಕಾಶವಿದೆ. ದಾರಿಯನ್ನು ಒಂದಾಗಿ ಆಯ್ಕೆ ಮಾಡಿ, ಭಾಗಗಳಾಗಿ ಬಿಡಿಸಿ, ಪ್ರತಿ ಭಾಗವನ್ನೂ ಅದಕ್ಕೆ ತಕ್ಕ ಅನುದಾನಕ್ಕೆ ಜೋಡಿಸುವುದೇ ಮಾಡಬೇಕಾದ ಕೆಲಸ. ಅದರ ಕ್ರಮವನ್ನು ಮುಂದೆ ವಿವರಿಸಲಾಗಿದೆ.

1. ಮೊದಲ ಪ್ರಶ್ನೆ: ರಸ್ತೆ ಯಾರದು?

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ 13ನೆಯದು ರಸ್ತೆ, ಮೋರಿ, ಸೇತುವೆ ಮತ್ತು ಸಂಪರ್ಕ ಸಾಧನಗಳಿಗೆ ಸಂಬಂಧಿಸಿದ್ದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮದ ಬೀದಿಗಳ ನಿರ್ಮಾಣ, ದುರಸ್ತಿ, ಚರಂಡಿ ಮತ್ತು ಬೀದಿ ದೀಪಗಳು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಾಗಿವೆ. ಆದರೆ ಗ್ರಾಮದ ಎಲ್ಲೆಯಲ್ಲಿರುವ ಎಲ್ಲ ರಸ್ತೆಗಳೂ ಗ್ರಾಮ ಪಂಚಾಯಿತಿಗೆ ಸೇರಿದವಲ್ಲ. ಹಣ ವೆಚ್ಚ ಮಾಡುವ ಮೊದಲು ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ಮುಂದೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದು ಖಚಿತ.

ಊರೊಳಗಿನ ಬೀದಿ, ಓಣಿ, ಕಾಲುದಾರಿಗಳು: ಗ್ರಾಮ ಪಂಚಾಯಿತಿಯ ಹೊಣೆ. ಇಲ್ಲಿ ಪಂಚಾಯಿತಿಯೇ ನಿರ್ಧರಿಸಿ ವೆಚ್ಚ ಮಾಡಬಹುದು.

ಊರಿನಿಂದ ಮುಖ್ಯ ರಸ್ತೆಗೆ ಸೇರುವ ಗ್ರಾಮೀಣ ರಸ್ತೆ: ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ನಿರ್ವಹಣೆಯಲ್ಲಿರುತ್ತದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ನಿರ್ಮಿಸಿದ ರಸ್ತೆಯಾದರೆ ಮೊದಲ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರರ ಕರಾರಿನಲ್ಲೇ ಸೇರಿರುತ್ತದೆ. ಅಂತಹ ರಸ್ತೆಯ ಅಂಚು ಕುಸಿದಿದ್ದರೆ ಪಂಚಾಯಿತಿ ತನ್ನ ಹಣ ಹಾಕುವ ಬದಲು ಕರಾರಿನಂತೆ ದುರಸ್ತಿ ಮಾಡಿಸುವಂತೆ ಸಂಬಂಧಿಸಿದ ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು.

ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ: ಲೋಕೋಪಯೋಗಿ ಇಲಾಖೆಯ ಹೊಣೆ.

ರಾಷ್ಟ್ರೀಯ ಹೆದ್ದಾರಿ: ಹೆದ್ದಾರಿ ಪ್ರಾಧಿಕಾರ ಅಥವಾ ಆಯಾ ಭಾಗವನ್ನು ವಹಿಸಿಕೊಂಡಿರುವ ಹೆದ್ದಾರಿ ವಿಭಾಗದ ಹೊಣೆ. ಹೆದ್ದಾರಿಯ ಜಮೀನಿನಲ್ಲಿ ಅನುಮತಿಯಿಲ್ಲದೆ ತಂಗುದಾಣ, ಕಮಾನು, ರಸ್ತೆ ಉಬ್ಬು ಯಾವುದನ್ನೂ ಪಂಚಾಯಿತಿ ನಿರ್ಮಿಸುವಂತಿಲ್ಲ.

ತನಗೆ ಸೇರದ ರಸ್ತೆಯ ವಿಷಯದಲ್ಲಿ ಗ್ರಾಮ ಪಂಚಾಯಿತಿ ಕೈಕಟ್ಟಿ ಕೂರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 215ನೇ ಪ್ರಕರಣದಡಿ ರಚಿತವಾದ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕೆಲಸ ಮಾಡುತ್ತದೆ. ಹೆದ್ದಾರಿ ದಾಟುವ ಸ್ಥಳದಲ್ಲಿ ಪಟ್ಟೆ, ಎಚ್ಚರಿಕೆ ಫಲಕ, ದೀಪ, ವೇಗ ತಗ್ಗಿಸುವ ವ್ಯವಸ್ಥೆ ಅಥವಾ ಸರ್ವಿಸ್ ರಸ್ತೆ ಬೇಕಾದಲ್ಲಿ ಪಂಚಾಯಿತಿಯ ನಿರ್ಣಯವನ್ನು ಈ ಸಮಿತಿಗೆ ಕಳುಹಿಸಬೇಕು. ನಿರ್ಣಯದೊಂದಿಗೆ ಹಿಂದಿನ ಮೂರು ವರ್ಷಗಳಲ್ಲಿ ಆ ಸ್ಥಳದಲ್ಲಿ ನಡೆದ ಅಪಘಾತಗಳ ವಿವರವನ್ನು ಪೊಲೀಸ್ ಠಾಣೆಯಿಂದ ಪಡೆದು ಲಗತ್ತಿಸುವುದು ಅಗತ್ಯ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾದ 5 ಅಪಘಾತಗಳು ನಡೆದಿದ್ದರೆ, ಇಲ್ಲವೇ 10 ಸಾವುಗಳು ಸಂಭವಿಸಿದ್ದರೆ ಅದನ್ನು "ಅಪಘಾತ ವಲಯ" ಎಂದು ಪರಿಗಣಿಸಲಾಗುತ್ತದೆ. ಗ್ರಾಮದ ಗೇಟ್ ಈ ಮಾನದಂಡವನ್ನು ಮುಟ್ಟದಿದ್ದರೂ ದಾಖಲೆಯುಳ್ಳ ಮನವಿಗೆ ಬೆಲೆಯಿದೆ. ಅದೇ ಕಾಯ್ದೆಗೆ 2019ರಲ್ಲಿ ಸೇರಿಸಲಾದ 198ಎ ಪ್ರಕರಣದ ಪ್ರಕಾರ, ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗೆ ಹೊಣೆಯಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

2. ಅನುದಾನದ ಮೂಲಗಳು

(ಅ) 15ನೇ ಹಣಕಾಸು ಆಯೋಗದ ಅನುದಾನ. 2021-22ರಿಂದ 2025-26ರವರೆಗಿನ ಐದು ವರ್ಷಗಳ ಈ ಅನುದಾನದಲ್ಲಿ ಶೇ. 40 ಭಾಗ ಅನಿರ್ಬಂಧಿತ, ಶೇ. 60 ಭಾಗ ನಿರ್ಬಂಧಿತ. ಅನಿರ್ಬಂಧಿತ ಭಾಗವನ್ನು ವೇತನ ಮತ್ತು ಸಿಬ್ಬಂದಿ ವೆಚ್ಚಗಳನ್ನು ಹೊರತುಪಡಿಸಿ ಹನ್ನೊಂದನೆಯ ಅನುಸೂಚಿಯ ವಿಷಯಗಳಲ್ಲಿ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದು. ಬೀದಿಯ ಹಾಸು, ಮೋರಿ, ಕಾಲುದಾರಿ ಇದರಲ್ಲಿ ಬರುತ್ತವೆ. ನಿರ್ಬಂಧಿತ ಭಾಗದ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ ಮೀಸಲು. ಮನೆಗಳಿಂದ ಹೊರಬರುವ ಬಚ್ಚಲು ನೀರಿನ ಚರಂಡಿಯನ್ನು ನೈರ್ಮಲ್ಯದ ಭಾಗದಿಂದ ಕೈಗೊಳ್ಳಬಹುದಾದ್ದರಿಂದ, ಚರಂಡಿಗಾಗಿ ಅನಿರ್ಬಂಧಿತ ಹಣವನ್ನು ಕರಗಿಸಬೇಕಾಗಿಲ್ಲ. ಪಂಚಾಯಿತಿಯ ಲೆಕ್ಕಪತ್ರಗಳು ಆನ್‌ಲೈನ್‌ನಲ್ಲಿ ಲಭ್ಯವಿರಬೇಕೆಂಬುದು ಈ ಅನುದಾನದ ಪೂರ್ವ ಷರತ್ತು ಎಂಬುದನ್ನು ಮರೆಯಬಾರದು.

(ಆ) ಮಹಾತ್ಮ ಗಾಂಧಿ ನರೇಗಾ. ಗ್ರಾಮೀಣ ಸಂಪರ್ಕದಡಿ ಸರ್ವಋತು ರಸ್ತೆ, ಊರೊಳಗಿನ ಹಾಸು ಬೀದಿ, ಅದಕ್ಕೆ ಹೊಂದಿದ ಚರಂಡಿ ಮತ್ತು ಮೋರಿಗಳಿಗೆ ಅವಕಾಶವಿದೆ. ರಸ್ತೆ ಬದಿಯಲ್ಲಿ ಸಸಿ ನೆಡುವುದಕ್ಕೂ ಅವಕಾಶವಿದೆ. ಕೂಲಿ ಮತ್ತು ಸಾಮಗ್ರಿ ವೆಚ್ಚಗಳ ಪ್ರಮಾಣ 60:40 ಮೀರಬಾರದು. ಕಾಂಕ್ರೀಟ್ ಕೆಲಸದಲ್ಲಿ ಸಾಮಗ್ರಿಯ ಪಾಲು ಬಹಳ ಹೆಚ್ಚು. ಎಲ್ಲ ಬೀದಿಗಳನ್ನೂ ನರೇಗಾದಲ್ಲಿ ಕಾಂಕ್ರೀಟ್ ಮಾಡಹೊರಟರೆ ಈ ಪ್ರಮಾಣ ಕೆಡುತ್ತದೆ. ಮಣ್ಣು ತುಂಬಿ ಅಂಚು ಕಟ್ಟುವುದು, ಗುಂಡಿ ತೆಗೆದು ಸಸಿ ನೆಡುವುದು ಮುಂತಾದ ಕೂಲಿ ಪ್ರಧಾನ ಭಾಗಗಳನ್ನು ನರೇಗಾಕ್ಕೂ, ಸಾಮಗ್ರಿ ಪ್ರಧಾನ ಭಾಗಗಳನ್ನು ಹಣಕಾಸು ಆಯೋಗದ ಅನುದಾನಕ್ಕೂ ಹಂಚುವುದು ಜಾಣತನ. ಹುಲ್ಲು ಕೀಳುವುದು, ಕಲ್ಲು ಆರಿಸುವುದು ಮುಂತಾದ ಅಳತೆಗೆ ಸಿಗದ, ಪದೇ ಪದೇ ಮಾಡಬೇಕಾದ ಕೆಲಸಗಳಿಗೆ ನರೇಗಾದಲ್ಲಿ ಅವಕಾಶವಿಲ್ಲ. ಗುತ್ತಿಗೆದಾರರಿಗೂ ಇದರಲ್ಲಿ ಸ್ಥಾನವಿಲ್ಲ.

(ಇ) ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಮತ್ತು ಪಂಚಾಯಿತಿಯ ಸ್ವಂತ ಸಂಪನ್ಮೂಲ. ಬೀದಿ ದೀಪದ ವಿದ್ಯುತ್ ಶುಲ್ಕ, ದೀಪಗಳ ಬದಲಾವಣೆ, ಚರಂಡಿ ಸ್ವಚ್ಛತೆ, ಸಣ್ಣ ದುರಸ್ತಿ ಇವು ಮುಖ್ಯವಾಗಿ ಇದರಿಂದಲೇ ಆಗಬೇಕು. ಮನೆ ಕಂದಾಯದ ವಸೂಲಿ ಹೆಚ್ಚಿದಷ್ಟೂ ಈ ಕೈ ಬಲಗೊಳ್ಳುತ್ತದೆ. ವಿಶೇಷ ಚೇತನರಿಗಾಗಿ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗಾಗಿ ಕಾಯ್ದಿರಿಸುವ ಪಾಲನ್ನು ಯೋಜನೆ ಮಾಡುವಾಗ ಇಳಿಜಾರು ದಾರಿ, ಹಿಡಿಗಂಬಿ ಮತ್ತು ಕಾಲೋನಿಯ ದಾರಿಗಳನ್ನು ನಿಯಮಗಳಿಗೊಳಪಟ್ಟು ಪರಿಗಣಿಸಬಹುದು.

(ಈ) ಶಾಸಕರ ಮತ್ತು ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಗಳ ಮಿತಿಯಲ್ಲಿ ಕಾಮಗಾರಿಗಳನ್ನು ಶಿಫಾರಸು ಮಾಡುವ ಅವಕಾಶವಿದೆ. ಬಸ್ ತಂಗುದಾಣ, ಸಣ್ಣ ಸೇತುವೆ, ಸಂಪರ್ಕ ರಸ್ತೆಗಳು ಇದಕ್ಕೆ ಹೊಂದುತ್ತವೆ. ಬಾಯಿಮಾತಿನ ಬೇಡಿಕೆಗಿಂತ ಗ್ರಾಮ ಸಭೆಯ ನಿರ್ಣಯ, ನಕ್ಷೆ ಮತ್ತು ಇಂಜಿನಿಯರ್ ಸಿದ್ಧಪಡಿಸಿದ ಅಂದಾಜು ಪಟ್ಟಿಯೊಂದಿಗೆ ಸಲ್ಲಿಸಿದ ಮನವಿ ಬೇಗ ಮುಂದುವರಿಯುತ್ತದೆ.

(ಉ) ಜಿಲ್ಲಾ ಖನಿಜ ಪ್ರತಿಷ್ಠಾನ. ಕಲ್ಲು ಗಣಿ ಮತ್ತು ಕ್ರಷರ್‌ಗಳ ಲಾರಿಗಳು ಊರ ನಡುವೆ ಓಡಾಡುವ ಗ್ರಾಮಗಳು ಗಣಿಬಾಧಿತ ಪ್ರದೇಶದ ವ್ಯಾಪ್ತಿಗೆ ಬರುವುದಾದರೆ, ಭೌತಿಕ ಮೂಲಸೌಕರ್ಯದ ಬಾಬ್ತಿನಲ್ಲಿ ರಸ್ತೆ ಕಾಮಗಾರಿಗೆ ಪ್ರಸ್ತಾವನೆ ಸಲ್ಲಿಸಬಹುದು.

3. ಒಂದು ದಾರಿ, ನಾಲ್ಕು ಭಾಗ: ಲೆಕ್ಕದ ಉದಾಹರಣೆ

ಹೆದ್ದಾರಿಯ ಗೇಟ್‌ನಿಂದ 700 ಮೀಟರ್ ಒಳಗಿರುವ ಒಂದು ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಊರೊಳಗೆ ಶಾಲೆಯಿಂದ ಹಾಲಿನ ಡೇರಿಯವರೆಗೆ 200 ಮೀಟರ್ ಉದ್ದದ ಬೀದಿಯಿದೆ. ಎರಡೂ ಬದಿಯ ಮನೆಗಳ ನಡುವಿನ ಅಗಲ 6 ಮೀಟರ್.

ಮೊದಲ ಭಾಗ, ಊರೊಳಗಿನ ಬೀದಿ. ರೂಢಿಯಂತೆ 5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸಿದರೆ ಬೇಕಾಗುವುದು 150 ಘನ ಮೀಟರ್. ಬೀದಿಯ ಹಾಸು ಗೋಡೆಯಿಂದ ಗೋಡೆಗೆ ಹರಡಿ, ಚರಂಡಿ ಅಂಚಿನಲ್ಲಿ ಬಾಯಿ ತೆರೆದು ಉಳಿಯುತ್ತದೆ. ಇದರ ಬದಲು ವಾಹನ ಸಾಗುವ ಹಾಸನ್ನು 3.75 ಮೀಟರ್‌ಗೆ ಮಿತಿಗೊಳಿಸಿದರೆ ಬೇಕಾಗುವುದು 112.5 ಘನ ಮೀಟರ್. ಉಳಿದ 37.5 ಘನ ಮೀಟರ್‌ಗೆ ಬದಲಾಗಿ ಎರಡೂ ಬದಿಯ ಚರಂಡಿಗಳ ಮೇಲೆ 75 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಮುಚ್ಚಳ ಹಾಕಲು ಬೇಕಾಗುವ ಕಾಂಕ್ರೀಟ್ 30 ಘನ ಮೀಟರ್. ಮುಚ್ಚಳಕ್ಕೆ ಕಬ್ಬಿಣದ ಸರಳು ಬೇಕಾದ್ದರಿಂದ ಘನ ಮೀಟರೊಂದಕ್ಕೆ ದರ ಹೆಚ್ಚು. ಆದ್ದರಿಂದ ಒಟ್ಟು ಮೊತ್ತವನ್ನು ಚಾಲ್ತಿ ದರಪಟ್ಟಿಯಂತೆ ಇಂಜಿನಿಯರ್ ಲೆಕ್ಕ ಹಾಕಬೇಕು. ಜಿಲ್ಲೆಯಲ್ಲಿ ಸುಲಭವಾಗಿ ದೊರೆಯುವ ಕಲ್ಲು ಚಪ್ಪಡಿಗಳ ದರವನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಹಾಸಿನ ಅಗಲ ಕಡಿಮೆಯಾದರೂ ಜನ ನಡೆಯಬಹುದಾದ ಜಾಗ ಕಡಿಮೆಯಾಗುವುದಿಲ್ಲ. ಚರಂಡಿಯ ಮೇಲ್ಭಾಗವೇ ವೃದ್ಧರಿಗೂ ಮಕ್ಕಳಿಗೂ ನಡೆಯುವ ಜಾಗವಾಗುತ್ತದೆ. ಹಾಸು ಅನಿರ್ಬಂಧಿತ ಅನುದಾನದಿಂದ, ಚರಂಡಿ ನೈರ್ಮಲ್ಯದ ಭಾಗದಿಂದ.

ಎರಡನೆಯ ಭಾಗ, ಊರಿನಿಂದ ಗೇಟ್‌ವರೆಗಿನ 700 ಮೀಟರ್. ಡಾಂಬರು ರಸ್ತೆಯ ಒಂದು ಬದಿಯಲ್ಲಿ ಒಂದೂವರೆ ಮೀಟರ್ ಅಗಲಕ್ಕೆ ಸರಾಸರಿ 30 ಸೆಂಟಿಮೀಟರ್ ಮಣ್ಣು ತುಂಬಿ ದಮ್ಮಸ್ಸು ಮಾಡಿದರೆ ಬೇಕಾಗುವ ಮಣ್ಣು 315 ಘನ ಮೀಟರ್. ಇದು ಕೂಲಿ ಪ್ರಧಾನ ಕೆಲಸವಾದ್ದರಿಂದ ನರೇಗಾಕ್ಕೆ ಒಪ್ಪುತ್ತದೆ. ರಸ್ತೆ ಬೇರೆ ವಿಭಾಗದ್ದಾದರೆ ಮುಂಚಿತವಾಗಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅಂಚಿನ ಹೊರಬದಿಯಲ್ಲಿ ಹೊಂಗೆ, ಬೇವು ಮುಂತಾದ ನೆರಳಿನ ಮರಗಳನ್ನು ಅದೇ ಯೋಜನೆಯಲ್ಲಿ ನೆಡಬಹುದು.

ಮೂರನೆಯ ಭಾಗ, ದೀಪ. ಬೆಳಗಿನ ಜಾವ ಹೊರಡುವವರಿಗೂ ಸಂಜೆ ಬಸ್ ಇಳಿದು ಬರುವ ಮಹಿಳೆಯರಿಗೂ ಊರಿನಿಂದ ಗೇಟ್‌ವರೆಗಿನ ಕತ್ತಲೆಯೇ ದೊಡ್ಡ ಅಡ್ಡಿ. ಬೆಸ್ಕಾಂ ಕಂಬಗಳಿರುವ ಕಡೆ ಅವುಗಳ ಮೇಲೆಯೇ ಎಲ್‌ಇಡಿ ದೀಪ ಅಳವಡಿಸಲು ಶಾಸನಬದ್ಧ ಅನುದಾನ ಅಥವಾ ಸ್ವಂತ ಸಂಪನ್ಮೂಲ ಬಳಸಬಹುದು. ಹಗಲಲ್ಲೂ ಉರಿಯದಂತೆ ಸ್ವಿಚ್ ವ್ಯವಸ್ಥೆ ಇದ್ದರೆ ವಿದ್ಯುತ್ ಬಾಕಿ ಬೆಳೆಯುವುದು ತಪ್ಪುತ್ತದೆ.

ನಾಲ್ಕನೆಯ ಭಾಗ, ಗೇಟ್. ತಂಗುದಾಣವನ್ನು ಶಾಸಕರ ಅಥವಾ ಸಂಸದರ ನಿಧಿಯಿಂದ ಹೆದ್ದಾರಿ ಜಮೀನಿನ ಹೊರಗೆ, ಇಲ್ಲವೇ ಅನುಮತಿ ಪಡೆದು ನಿರ್ಮಿಸಬಹುದು. ಅದರ ಪಕ್ಕದಲ್ಲಿ ಹತ್ತಾರು ಸೈಕಲ್ ನಿಲ್ಲಿಸುವಷ್ಟು ಮೇಲ್ಛಾವಣಿ ಸೇರಿಸಿದರೆ ವೆಚ್ಚ ಸ್ವಲ್ಪವೇ ಹೆಚ್ಚುತ್ತದೆ. ಹೆದ್ದಾರಿ ದಾಟುವ ವ್ಯವಸ್ಥೆ ಮಾತ್ರ ಪ್ರಾಧಿಕಾರದಿಂದಲೇ ಆಗಬೇಕು. ಅದಕ್ಕೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮೂಲಕ ಒತ್ತಾಯಿಸಬೇಕು.

ಒಂದು ಎಚ್ಚರಿಕೆ ಅಗತ್ಯ. ಒಗ್ಗೂಡಿಸುವುದು ಎಂದರೆ ಒಂದೇ ಕೆಲಸಕ್ಕೆ ಎರಡು ಕಡೆ ಬಿಲ್ಲು ಮಾಡುವುದಲ್ಲ. ಪ್ರತಿ ಭಾಗಕ್ಕೂ ಪ್ರತ್ಯೇಕ ಅಂದಾಜು ಪಟ್ಟಿ, ಪ್ರತ್ಯೇಕ ಕಾಮಗಾರಿ ಸಂಖ್ಯೆ, ಪ್ರತ್ಯೇಕ ಅಳತೆ ದಾಖಲೆ ಇರಬೇಕು. ಎಲ್ಲಿಂದ ಎಲ್ಲಿಯವರೆಗೆ, ಯಾವ ಬದಿ, ಯಾವ ಅಂಶ ಎಂಬುದು ಕಾಮಗಾರಿಯ ಹೆಸರಿನಲ್ಲೇ ಸ್ಪಷ್ಟವಾಗಿರಬೇಕು. ಇಷ್ಟು ಪಾಲಿಸಿದರೆ ಲೆಕ್ಕ ಪರಿಶೋಧನೆಯಲ್ಲೂ ಸಾಮಾಜಿಕ ಪರಿಶೋಧನೆಯಲ್ಲೂ ಉತ್ತರ ಸಿದ್ಧವಿರುತ್ತದೆ.

4. ಕಾಮಗಾರಿಯಲ್ಲಿ ಸದಸ್ಯರು ಗಮನಿಸಬೇಕಾದ ಅಂಶಗಳು

ಅನುಕ್ರಮ. ಜಲ ಜೀವನ್ ಮಿಷನ್‌ನ ಕೊಳವೆ ಹಾಕುವ ಕೆಲಸ ಬಾಕಿಯಿರುವ ಬೀದಿಗೆ ಮೊದಲೇ ಕಾಂಕ್ರೀಟ್ ಹಾಸಬಾರದು. ಮೊದಲು ಕೊಳವೆ, ಅನಂತರ ಚರಂಡಿ, ಕೊನೆಗೆ ಹಾಸು. ಈಗಾಗಲೇ ಇರುವ ಬೀದಿಯನ್ನು ಕೊಳವೆಗಾಗಿ ಅಗೆಯಬೇಕಾದರೆ, ಅಗೆದ ಭಾಗವನ್ನು ಮೊದಲಿನಂತೆ ಮಾಡುವ ಬಾಬ್ತು ಅಂದಾಜು ಪಟ್ಟಿಯಲ್ಲಿದೆಯೇ ಎಂದು ನೋಡಿ, ಅದು ಆದ ಮೇಲಷ್ಟೇ ಕೆಲಸ ಮುಗಿದಿದೆ ಎಂದು ದೃಢೀಕರಿಸಬೇಕು.

ಬೀದಿಯ ಮಟ್ಟ. ಹಳೆಯ ಹಾಸಿನ ಮೇಲೆಯೇ ಹೊಸ ಹಾಸು ಏರುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಬೀದಿ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ ಮಳೆನೀರು ಮನೆಯೊಳಗೆ ನುಗ್ಗುತ್ತದೆ. ಹಳೆಯ ಪದರ ಕಿತ್ತು ಮಟ್ಟ ಕಾಯ್ದುಕೊಳ್ಳುವ ಬಾಬ್ತನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಬೇಕು.

ಚರಂಡಿ ಮುಚ್ಚಳ. ತೆಗೆಯಲಾಗದಂತೆ ಮುಚ್ಚಿದ ಚರಂಡಿ ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಇಬ್ಬರು ಎತ್ತಬಹುದಾದ ತೂಕದ ತುಂಡುಗಳು, ಎತ್ತಲು ಕೊಂಡಿ, ನೀರು ಇಳಿಯಲು ಕಂಡಿ ಇರಬೇಕು. ಟ್ರ್ಯಾಕ್ಟರ್ ಹಾಯುವ ಮನೆ ಮುಂಗಟ್ಟು ಮತ್ತು ತಿರುವುಗಳಲ್ಲಿ ದಪ್ಪ ಮತ್ತು ಸರಳು ಹೆಚ್ಚಿರಬೇಕು. ಕಬ್ಬಿಣದ ಜಾಲರಿ ಹಾಕಿದರೆ ಅದರ ಪಟ್ಟಿಗಳು ರಸ್ತೆಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿಬೀಳುತ್ತದೆ.

ಪಾದಚಾರಿ ಮಾರ್ಗದ ಅಗಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ವಾಹನ ದಟ್ಟಣೆಯಿರುವ ಪೇಟೆ ಬೀದಿ ಮತ್ತು ಮುಖ್ಯ ರಸ್ತೆಗಳಿಗೆ ಇದನ್ನೇ ಗುರಿಯಾಗಿಡಬೇಕು. ಜನ, ದನ, ದ್ವಿಚಕ್ರ ವಾಹನ ಒಟ್ಟಿಗೆ ಓಡಾಡುವ ಊರೊಳಗಿನ ಓಣಿಗೆ ಎತ್ತರಿಸಿದ ಪ್ರತ್ಯೇಕ ಮಾರ್ಗದ ಅಗತ್ಯವಿಲ್ಲ. ಅಲ್ಲಿ ಬೇಕಾದದ್ದು ಸಮತಟ್ಟಾದ ನೆಲ, ಮುಚ್ಚಿದ ಚರಂಡಿ ಮತ್ತು ವಾಹನಗಳ ನಿಧಾನಗತಿ. ಶಾಲೆ, ಅಂಗನವಾಡಿ, ಉಪಕೇಂದ್ರ ಮತ್ತು ಪಂಚಾಯಿತಿ ಕಚೇರಿಗಳ ಮುಂದೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇದ್ದರೆ ಗಾಲಿಕುರ್ಚಿ ಸರಾಗವಾಗಿ ಸಾಗುತ್ತದೆ.

ರಸ್ತೆ ಉಬ್ಬು. ಕಾಂಕ್ರೀಟ್ ಗುಡ್ಡೆ ಹಾಕಿ ಮಾಡಿದ ಚೂಪಾದ ಉಬ್ಬುಗಳು ಸೈಕಲ್ ಮತ್ತು ದ್ವಿಚಕ್ರ ಸವಾರರನ್ನು ಬೀಳಿಸುತ್ತವೆ, ಗರ್ಭಿಣಿಯರಿಗೂ ಬೆನ್ನು ನೋವಿನವರಿಗೂ ಹಿಂಸೆ ಕೊಡುತ್ತವೆ. ರಸ್ತೆ ಕಾಂಗ್ರೆಸ್‌ನ ಮಾನದಂಡದ ಉಬ್ಬು 3.7 ಮೀಟರ್ ಅಗಲಕ್ಕೆ ಹರಡಿ, ನಡುವೆ 10 ಸೆಂಟಿಮೀಟರ್ ಎತ್ತರವಿರುತ್ತದೆ. ಬಣ್ಣದ ಪಟ್ಟೆ ಮತ್ತು ಮುನ್ಸೂಚನೆಯ ಫಲಕ ಕಡ್ಡಾಯ.

ಡಾಂಬರಿನ ಅಂಚು. ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ ಒಂದು ಗೇಣು ಆಳ ಬಿದ್ದಿದ್ದರೆ, ಹಿಂದಿನಿಂದ ಬಸ್ ಬಂದಾಗ ಸೈಕಲ್ ಸವಾರನಿಗೆ ಕೆಳಗಿಳಿಯಲೂ ಆಗದು, ಮೇಲುಳಿಯಲೂ ಆಗದು. ಅಂಚು ಮತ್ತು ಡಾಂಬರು ಒಂದೇ ಮಟ್ಟದಲ್ಲಿರುವಂತೆ ಪ್ರತಿ ಮಳೆಗಾಲದ ನಂತರ ಸರಿಪಡಿಸುವುದು ಅಗ್ಗದ, ಆದರೆ ಜೀವ ಉಳಿಸುವ ಕೆಲಸ.

ಒತ್ತುವರಿ. ತಿಪ್ಪೆ, ಸೌದೆ, ಹಿಪ್ಪುನೇರಳೆ ಕಡ್ಡಿಯ ಹೊರೆ, ಬೀದಿಗೆ ಚಾಚಿದ ಮೆಟ್ಟಿಲು ಇವು ಬೀದಿಯ ಅಗಲವನ್ನು ತಿನ್ನುತ್ತವೆ. ಸಾರ್ವಜನಿಕ ಬೀದಿಯ ಅಡಚಣೆ ತೆರವುಗೊಳಿಸುವ ಅಧಿಕಾರ ಪಂಚಾಯಿತಿಗಿದೆ. ಕಾಮಗಾರಿ ಆರಂಭಕ್ಕೆ ಮುನ್ನ ಅಳತೆ ಮಾಡಿ, ಎಲ್ಲರಿಗೂ ಒಂದೇ ನಿಯಮದಂತೆ ತಿಳಿವಳಿಕೆ ನೀಡಿದರೆ ತಕರಾರು ಕಡಿಮೆ.

5. ವಾರ್ಡುವಾರು ಹಂಚಿಕೆಯ ಪ್ರಶ್ನೆ

ಅನುದಾನ ಬಂದೊಡನೆ ಅದನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ವಾರ್ಡಿಗಿಷ್ಟು ಎಂದು ಹಂಚುವ ಪದ್ಧತಿ ಅನೇಕ ಕಡೆ ಇದೆ. ನೋಡಲು ಇದು ನ್ಯಾಯವೆನಿಸುತ್ತದೆ. ಫಲಿತಾಂಶ ಮಾತ್ರ ಬೇರೆ. ಪ್ರತಿ ವಾರ್ಡಿನಲ್ಲೂ ಐವತ್ತು ಅರವತ್ತು ಮೀಟರ್ ಕಾಂಕ್ರೀಟ್ ಆಗುತ್ತದೆ, ಯಾವ ದಾರಿಯೂ ಕೊನೆಮುಟ್ಟುವುದಿಲ್ಲ. ಸಾವಿರ ಮೀಟರ್ ದಾರಿಯಲ್ಲಿ ನೂರು ಮೀಟರ್ ಕೆಸರು ಉಳಿದರೂ ಮಗು ಸೈಕಲ್ ಇಳಿದು ತಳ್ಳಬೇಕು. ಗಾಲಿಕುರ್ಚಿಯವರಿಗಂತೂ ಅದು ಪೂರ್ತಿ ಮುಚ್ಚಿದ ದಾರಿಯೇ.

ದಾರಿ ಪೂರ್ಣವಾದಾಗ ಏನಾಗುತ್ತದೆ ಎಂಬುದಕ್ಕೆ ಸೈಕಲ್ ವಿತರಣೆಯ ಅನುಭವ ಒಂದು ಸೂಚನೆ ನೀಡುತ್ತದೆ. ಕರ್ನಾಟಕದಲ್ಲಿ 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಅದೇ 2006ರಲ್ಲಿ ಬಿಹಾರದಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಜಾರಿಗೆ ಬಂದಿತು. ಅಲ್ಲಿ ನಡೆದ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಶೇ. 32ರಷ್ಟು ಹೆಚ್ಚಿದ್ದು ಕಂಡುಬಂದಿತು. ಹೆಚ್ಚಳ ಮುಖ್ಯವಾಗಿ ಕಂಡದ್ದು ಪ್ರೌಢಶಾಲೆ 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಗ್ರಾಮಗಳಲ್ಲಿ. ಹೆಣ್ಣುಮಕ್ಕಳ ಓದಿಗೆ ಅಡ್ಡಿಯಾಗಿದ್ದದ್ದು ಬಹುಮಟ್ಟಿಗೆ ದೂರ ಮತ್ತು ದಾರಿ ಎಂಬುದು ಇದರ ತಾತ್ಪರ್ಯ. ಸೈಕಲ್ ಕೊಡುವುದು ಸರ್ಕಾರದ ಕೆಲಸವಾದರೆ ಅದು ಓಡುವ ದಾರಿಯನ್ನು ಉಳಿಸುವುದು ಪಂಚಾಯಿತಿಯ ಕೆಲಸ.

ಆದ್ದರಿಂದ ಗ್ರಾಮ ಪಂಚಾಯಿತಿಯ ವ್ಯಾಪ್ತಿಯ ದಾರಿಗಳನ್ನು ಆದ್ಯತೆಯಂತೆ ಪಟ್ಟಿ ಮಾಡಿ, ಒಂದು ವರ್ಷ ಒಂದು ದಾರಿಯನ್ನು ತುದಿಯಿಂದ ತುದಿಗೆ ಪೂರ್ಣಗೊಳಿಸಿ, ಮರುವರ್ಷ ಇನ್ನೊಂದನ್ನು ಕೈಗೊಳ್ಳುವುದು ಸೂಕ್ತ. ಈ ಸರದಿಯನ್ನು ದೂರದೃಷ್ಟಿ ಯೋಜನೆಯಲ್ಲಿ ಬರೆದಿಟ್ಟರೆ, ಈ ವರ್ಷ ಬಿಟ್ಟುಕೊಟ್ಟ ಸದಸ್ಯರಿಗೆ ಮುಂದಿನ ವರ್ಷದ ಭರವಸೆ ದಾಖಲೆಯಲ್ಲೇ ಇರುತ್ತದೆ.

6. ಸಭೆಯಿಂದ ಕಾಮಗಾರಿವರೆಗೆ

ಮೊದಲನೆಯದಾಗಿ, ಎಣಿಕೆ. ಒಂದು ಕೆಲಸದ ದಿನ ಬೆಳಗ್ಗೆ 6ರಿಂದ 9 ಮತ್ತು ಸಂಜೆ 4ರಿಂದ 7ರವರೆಗೆ ಪ್ರತಿ ಮುಖ್ಯ ದಾರಿಯಲ್ಲಿ ನಡೆದು ಹೋಗುವವರು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಎಷ್ಟೆಂದು ಎಣಿಸಿ ಬರೆದುಕೊಳ್ಳಬೇಕು. ಸದಸ್ಯರು, ಶಾಲಾಭಿವೃದ್ಧಿ ಸಮಿತಿಯವರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದರೆ ಇದಕ್ಕೆ ಯಾವ ಖರ್ಚೂ ಇಲ್ಲ. ಯಾವ ದಾರಿ ಮೊದಲು ಎಂಬ ವಾದಕ್ಕೆ ಈ ಹಾಳೆಯೇ ತೀರ್ಮಾನ ನೀಡುತ್ತದೆ.

ಎರಡನೆಯದಾಗಿ, ಮಕ್ಕಳ ಗ್ರಾಮ ಸಭೆ ಮತ್ತು ಮಹಿಳಾ ಗ್ರಾಮ ಸಭೆಗಳಲ್ಲಿ ನೇರ ಪ್ರಶ್ನೆ ಕೇಳಬೇಕು: ಯಾವ ಜಾಗದಲ್ಲಿ ದಾಟಲು ಭಯ, ಎಲ್ಲಿ ಕತ್ತಲು, ಎಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ? ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು.

ಮೂರನೆಯದಾಗಿ, ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ ದಾರಿಯನ್ನು ಒಂದೇ ಬೇಡಿಕೆಯಾಗಿ ಮಂಡಿಸಿ, ಪಂಚಾಯಿತಿಯ ಸೌಕರ್ಯಗಳ ಸಮಿತಿಯಲ್ಲಿ ಅದನ್ನು ಭಾಗಗಳಾಗಿ ಬಿಡಿಸಿ ಅನುದಾನಗಳಿಗೆ ಜೋಡಿಸಬೇಕು. ಸಾಮಾನ್ಯ ಸಭೆಯ ಅನುಮೋದನೆಯ ನಂತರ "ನಮ್ಮ ಗ್ರಾಮ ನಮ್ಮ ಯೋಜನೆ"ಯಡಿ ಅಳವಡಿಸಬೇಕು. ನರೇಗಾ ಭಾಗ ಕಾರ್ಮಿಕ ಆಯವ್ಯಯದಲ್ಲೂ, ಹಣಕಾಸು ಆಯೋಗದ ಭಾಗ ಇ-ಗ್ರಾಮ ಸ್ವರಾಜ್ ತಂತ್ರಾಂಶದಲ್ಲೂ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಯೋಜನೆಯಲ್ಲಿ ಬಿಟ್ಟುಹೋದ ಕಾಮಗಾರಿಗೆ ವರ್ಷದ ಮಧ್ಯದಲ್ಲಿ ಹಣ ಹುಡುಕುವುದು ಕಷ್ಟ.

ನಾಲ್ಕನೆಯದಾಗಿ, ಅಂದಾಜು ಪಟ್ಟಿ ತಯಾರಿಸಲು ಇಂಜಿನಿಯರ್ ಬರುವ ದಿನ ಸದಸ್ಯರೂ ಜೊತೆಯಲ್ಲಿ ದಾರಿಯುದ್ದಕ್ಕೂ ನಡೆಯಬೇಕು. ಕಚೇರಿಯಲ್ಲಿ ಕುಳಿತು ನೀಡಿದ ಅಳತೆಯಲ್ಲಿ ಮೋರಿ, ಇಳಿಜಾರು, ಮರ, ಕಂಬ ಬಿಟ್ಟುಹೋಗುತ್ತವೆ.

7. ನಿರ್ವಹಣೆ

ಹೊಸ ಬೀದಿಗೆ ಸಿಗುವ ಗಮನ ಹಳೆಯ ಬೀದಿಗೆ ಸಿಗುವುದಿಲ್ಲ. ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮುನ್ನ ಮತ್ತು ಹಿಂಗಾರಿನ ನಂತರ, ಪೂರ್ಣಗೊಂಡ ದಾರಿಗಳನ್ನು ನಡೆದು ಪರಿಶೀಲಿಸಿ ಮುರಿದ ಮುಚ್ಚಳ, ಆರಿದ ದೀಪ, ಕುಸಿದ ಅಂಚುಗಳ ಪಟ್ಟಿ ಮಾಡಬೇಕು. ಕಾಮಗಾರಿಯ ದೋಷ ಹೊಣೆಗಾರಿಕೆ ಅವಧಿ ಮುಗಿದಿಲ್ಲವಾದರೆ ಗುತ್ತಿಗೆದಾರರಿಂದಲೇ ಸರಿಪಡಿಸಿಕೊಳ್ಳಬೇಕು. ಅವಧಿ ಮುಗಿದಿದ್ದರೆ ಸ್ವಂತ ಸಂಪನ್ಮೂಲದಲ್ಲಿ ನಿರ್ವಹಣೆಗೆಂದು ಒಂದು ಮೊತ್ತವನ್ನು ಆಯವ್ಯಯದಲ್ಲೇ ಕಾಯ್ದಿರಿಸಿರಬೇಕು.

2020ರ ಡಿಸೆಂಬರ್‌ನಲ್ಲಿ ಚುನಾಯಿತರಾದ ಸದಸ್ಯರಿಗೆ 2025-26ರ ಕ್ರಿಯಾ ಯೋಜನೆ ಅಧಿಕಾರಾವಧಿಯ ಕೊನೆಯ ವಾರ್ಷಿಕ ಯೋಜನೆಯಾಗಿದೆ. 15ನೇ ಹಣಕಾಸು ಆಯೋಗದ ಅವಧಿಯೂ ಅದೇ ವರ್ಷಕ್ಕೆ ಮುಗಿಯುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯೂ ಶಾಲೆ, ಡೇರಿ ಮತ್ತು ಬಸ್ ನಿಲ್ಲುವ ಗೇಟ್‌ಗಳನ್ನು ಜೋಡಿಸುವ ಕನಿಷ್ಠ ಒಂದು ದಾರಿಯನ್ನು ಈ ಯೋಜನೆಯಲ್ಲಿ ಗುರುತಿಸಿ, ಮೇಲೆ ತಿಳಿಸಿದಂತೆ ಭಾಗಗಳಾಗಿ ಬಿಡಿಸಿ, ತುದಿಯಿಂದ ತುದಿಗೆ ಪೂರ್ಣಗೊಳಿಸಲು ಕ್ರಮ ವಹಿಸುವುದು. ವಾರ್ಡ್ ಸಭೆಗಳು ಆರಂಭವಾಗುವ ಮುನ್ನ ದಾರಿಗಳ ಎಣಿಕೆ ಹಾಳೆ ಮತ್ತು ರಸ್ತೆ ಯಾರದು ಎಂಬ ಪಟ್ಟಿ ಸಿದ್ಧವಿರಲಿ. ಉಳಿದ ಕೆಲಸಗಳಿಗೆ ಈ ಎರಡು ಹಾಳೆಗಳೇ ಆಧಾರ.